ವೈನಿನೂರಿಗೆ ಮೂಗು ಹುಡುಕಿಕೊಂಡು

ಈದ್ ರಜೆಗೆ ತಿಂಗಳಿರುವಾಗಲೇ ದುಬೈಯಲ್ಲಿ ಎಲ್ಲರೂ ಭೂಗೋಳ ಪಂಡಿತರಾಗುತ್ತಾರೆ. ಇಲ್ಲಿನ ರೆಸಿಡೆನ್ಸಿ ತೋರಿಸಿದರೆ ಬೇರೆ ವೀಸಾ ಕೇಳದೆ ನಮ್ಮಂಥ ಭಾರತೀಯರನ್ನು ಒಳಗೆ ಬಿಡುವ ದೇಶಗಳು ಕೆಲವೇ. ಅವನ್ನೇ ನಾವೆಲ್ಲ ಪಾಳಿಯ ಮೇಲೆ ಸುತ್ತಿ ಬರುತ್ತೇವೆ. ಕಕೇಸಸ್ ಪರ್ವತದ ಬುಡದಲ್ಲಿರುವ ಜಾರ್ಜಿಯಾ ಅಂಥದ್ದೊಂದು. ಅಲ್ ಬರ್ಷಾದ ನಮ್ಮ ಕಟ್ಟಡದಲ್ಲಿ ಅದನ್ನು ನೋಡದೆ ಉಳಿದವರು ನಾನು, ನನ್ನ ಹೆಂಡತಿ ಮತ್ತು ವಾಚ್‌ಮನ್. ಹೋಗಿಬಂದವರೆಲ್ಲ ಫೋಟೋ ತೋರಿಸಿದ್ದರಿಂದ ವಾಚ್‌ಮನ್ ಕೂಡ ಹೋಗಿಬಂದವನ ಹಾಗೆಯೇ ಮಾತಾಡುತ್ತಿದ್ದ. ಯಾವ ಗುಡ್ಡದ ಮೇಲೆ ಚಳಿ ಹೆಚ್ಚು ಎಂದು ನನಗೇ ಹೇಳಿಕೊಟ್ಟ.

ನಾವು ಹೋದದ್ದು ಹಿಮ ನೋಡಲು ಅಲ್ಲ. ನನ್ನ ಸ್ನೇಹಿತನ ಮೂಗು ಸರಿಪಡಿಸಲು. ಅದೂ ವೈನಿಗೆ ಹೆಸರಾದ ಸಿಘ್ನಾಘಿ ಎಂಬ ಹಳೆಯ ಪೇಟೆಗೆ, ಜನ್ಮದಲ್ಲಿ ಒಂದು ಹನಿ ಮುಟ್ಟದ, ಕರಾವಳಿಯ ಬ್ಯಾರಿ ಮುಸ್ಲಿಮನನ್ನು ಕರೆದುಕೊಂಡು. ಈ ಉಪಾಯ ಹೊಳೆದದ್ದು ಯಾರಿಗೆ ಎಂಬ ಬಗ್ಗೆ ಇವತ್ತಿಗೂ ಭಿನ್ನಾಭಿಪ್ರಾಯವಿದೆ. ನನ್ನ ಪ್ರಕಾರ ಅವನಿಗೆ.

ಸ್ನೇಹಿತ ಉಳ್ಳಾಲದವನು. ಇಪ್ಪತ್ತು ವರ್ಷಗಳ ಹಿಂದೆ ದೇರಾದ ಒಂದು ಕೋಣೆಯಲ್ಲಿ ಎಂಟು ಜನ ಮಂಚ ಹಂಚಿಕೊಂಡಿದ್ದಾಗ ನನ್ನ ಮೇಲಿನ ಮಂಚ ಅವನದು. ಅಂದಿನಿಂದ ಅಲ್ ಮುರಕ್ಕಬಾತ್‌ನ ಒಂದು ಅತ್ತರಿನ ಅಂಗಡಿಯಲ್ಲಿ ಅವನು ಅತ್ತರು ಬೆರೆಸುತ್ತಾನೆ. ಅಂಗಡಿಯ ಮಾಲೀಕರಾದ ಅರಬ್ ಹಿರಿಯರನ್ನು ಎಲ್ಲರೂ ಅರ್ಬಾಬ್ ಎನ್ನುತ್ತಾರೆ. ಅಸ್ಸಾಮಿನಿಂದಲೋ ಕಾಂಬೋಡಿಯಾದಿಂದಲೋ ಊದ್, ಅಂದರೆ ಅಗರು ಮರದ ಎಣ್ಣೆಯ ಹೊಸ ಸರಕು ಬಂದಾಗ ಸ್ನೇಹಿತ ಮೂಸಿ ಹೂಂ ಎಂದರೆ ಅರ್ಬಾಬ್ ಕೊಳ್ಳುತ್ತಾರೆ, ಊಹೂಂ ಎಂದರೆ ತಂದವನು ಚಹಾ ಕುಡಿದು ಹೊರಡುತ್ತಾನೆ. ಒಬ್ಬ ಮನುಷ್ಯನ ಉಸಿರಿನ ಮೇಲೆ ಅಂಗಡಿ ನಿಂತಿರುವುದನ್ನು ನಾನು ಬೇರೆ ಕಡೆ ಕಂಡಿಲ್ಲ.

ಕಳೆದ ಚಳಿಗಾಲದ ಆರಂಭದಲ್ಲಿ ಅವನಿಗೆ ನಾಲ್ಕು ದಿನ ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಈ ಸಂಗತಿಯನ್ನು ಅವನು ನನಗೊಬ್ಬನಿಗೇ ಹೇಳಿದ.

"ನಿನ್ನ ಹತ್ರ ಹೇಳಿದ್ರೆ ಹೆದರಿಕೆ ಇಲ್ಲ ಮಾರಾಯ. ನಿಮ್ಮ ಪೇಪರಿನಲ್ಲಿ ಒಳ್ಳೆ ಸುದ್ದಿ ಬಂದದ್ದೇ ನಾನು ನೋಡ್ಲಿಲ್ಲ."

ನಾನು ಇಲ್ಲಿನ ಒಂದು ಇಂಗ್ಲಿಷ್ ಪತ್ರಿಕೆಯ ಡೆಸ್ಕಿನಲ್ಲಿದ್ದೇನೆ. ಬೇರೆಯವರು ಬರೆದದ್ದನ್ನು ಕತ್ತರಿಸುವುದು ಕಸುಬು. ಅವನ ಮಾತಿನಲ್ಲಿ ಕತ್ತರಿಸುವಂಥದ್ದೇನೂ ಇರಲಿಲ್ಲ.

ಹಳೆಯ ಮಿಶ್ರಣಗಳನ್ನು ಅವನು ನೆನಪಿನಿಂದ, ಹನಿ ಎಣಿಸಿ ಮಾಡುತ್ತಿದ್ದ. ಗಿರಾಕಿಗಳಿಗೆ ಗೊತ್ತಾಗಲಿಲ್ಲ. ಆದರೆ ಈದ್ ರಜೆ ಮುಗಿದ ಸೋಮವಾರ ಹೊಸ ಊದ್ ಬರುವುದಿತ್ತು. ಅರ್ಬಾಬ್ ತಮ್ಮ ಮಗಳ ಮದುವೆಗೆಂದೇ ತರಿಸುತ್ತಿದ್ದ ಸರಕು ಅದು. ಐದು ಕುಪ್ಪಿ ಎದುರಿಗಿಟ್ಟು ಯಾವುದು ಎಂದು ಕೇಳುತ್ತಾರೆ. ಅದನ್ನು ನೆನಪಿನಿಂದ ಹೇಳಲಾಗದು. ತಪ್ಪು ಹೇಳಿದರೆ ಕೆಲಸ ಹೋಗುತ್ತದೆ, ಕೆಲಸದ ಹಿಂದೆ ವೀಸಾ, ವೀಸಾದ ಹಿಂದೆ ಮನೆಮಂದಿ.

ದೇರಾದಲ್ಲಿ ಯಾರ ಕಣ್ಣಿಗೂ ಬೀಳಬಾರದೆಂದು ಅವನನ್ನು ಅಬುಧಾಬಿಗೆ ಕರೆದುಕೊಂಡು ಹೋಗಿದ್ದೆ. ಅಲ್ ರೀಮ್ ಐಲ್ಯಾಂಡಿನಲ್ಲಿ ಧಾರವಾಡದ ಕಡೆಯ ಒಬ್ಬ ಮೂಗಿನ ಡಾಕ್ಟರ್ ನನಗೆ ಪರಿಚಯ. ಅವರು ಕೊಳವೆ ಹಾಕಿ ನೋಡಿ ಕೈ ತೊಳೆದುಕೊಂಡರು.

"ನೋಡ್ರಿ, ಮೂಗಿನ ನರ ಅಂದ್ರ ಸರಕಾರಿ ಆಫೀಸಿದ್ದಂಗ. ಮುಚ್ಚಿದ್ದು ಯಾವಾಗ ತೆರೀತದ, ಹೇಳಾಕ ಬರೂದಿಲ್ಲ. ದಿನಾ ಎರಡು ಸಲ ಹೋಗಿ ಬಾಗಿಲ ಬಡದು ಬರ್ರಿ."

ಬಾಗಿಲು ಬಡಿಯುವುದೆಂದರೆ ಲವಂಗ, ನಿಂಬೆ, ಗುಲಾಬಿ, ನೀಲಗಿರಿ ಎಣ್ಣೆಗಳನ್ನು ಮೂಸುವುದು. ಇದು ನಿಜವಾದ ಚಿಕಿತ್ಸೆಯೇ. ನೂರಾರು ಅತ್ತರಿನ ಹೆಸರನ್ನು ಕಣ್ಣು ಮುಚ್ಚಿ ಹೇಳುತ್ತಿದ್ದವನು ಐದು ತಿಂಗಳು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಲವಂಗ ಮೂಸಿದ. ಫಲ ಬರಲಿಲ್ಲ.

ಆ ದಿನಗಳಲ್ಲೇ ನಮ್ಮ ಪ್ರವಾಸದ ಪುಟಕ್ಕೆ ಸಿಘ್ನಾಘಿಯ ಬಗ್ಗೆ ಒಂದು ಬರಹ ಬಂತು. ಅದರಲ್ಲಿ 'ಕಾಲ ನಿಂತುಹೋದಂತೆ' ಎಂಬ ಮಾತು ಮೂರು ಕಡೆ ಇತ್ತು, ಮೂರನ್ನೂ ಹೊಡೆದುಹಾಕಿದೆ. ಆ ಊರಿನವರು ದ್ರಾಕ್ಷಿ ಯಾವ ಇಳಿಜಾರಿನದೆಂದು ಮೂಗಿನಲ್ಲೇ ಹೇಳಬಲ್ಲರು, ಮಣ್ಣಿನ ಗುಡಾಣಗಳನ್ನು ನೆಲದಲ್ಲಿ ಹೂತಿಟ್ಟು ವಸಂತದಲ್ಲಿ ತೆರೆದಾಗ ಏಳುವ ವಾಸನೆ ಸತ್ತವರನ್ನೂ ಎಬ್ಬಿಸುತ್ತದೆ ಎಂದೂ ಬರೆದಿತ್ತು. ಇದನ್ನು ತಮಾಷೆಯಾಗಿ ಅವನಿಗೆ ಹೇಳಿದೆ. ಅವನು ತಮಾಷೆಯಾಗಿ ಕೇಳಲಿಲ್ಲ.

"ವಸಂತ ಅಂದ್ರೆ ಈ ಸಲ ಈದ್ ಸಮಯವೇ ಅಲ್ಲವಾ?" ಎಂದ.

"ಅದು ಪತ್ರಿಕೆಯವನ ಬರಹ ಮಾರಾಯ. ಅವನು ಆ ಊರಿಗೆ ಹೋಗಿದ್ದಾನೋ ಇಲ್ಲವೋ."

"ನೀಲಗಿರಿ ಎಣ್ಣೆಗೆ ಏಳದ್ದು ಇದಕ್ಕೆ ಎದ್ದರೂ ಏಳಬಹುದು. ನಾನು ಕುಡಿಯೋದಿಲ್ಲ, ಬರೀ ಮೂಸೋದು."

ಮೂಸುವುದಾದರೂ ಧರ್ಮಕ್ಕೆ ಸರಿಯೇ ಎಂದು ತಿಳಿದವರನ್ನು ಕೇಳಿದೆಯಾ ಎಂದೆ.

"ಕೇಳಿದ್ರೆ ಉತ್ತರ ಕೊಡ್ತಾರಲ್ಲ. ಅದಕ್ಕೇ ಕೇಳ್ಲಿಲ್ಲ."

ಹೀಗೆ ನಾಲ್ಕು ಜನ ಹೊರಟೆವು: ಅವನು, ಅವನ ಹೆಂಡತಿ, ನಾನು, ನನ್ನ ಹೆಂಡತಿ. ಇಬ್ಬರು ಹೆಂಗಸರಿಗೂ ಹೇಳಿದ್ದು ಹಿಮಪರ್ವತದ ಪ್ರವಾಸ ಎಂದು. ನನ್ನ ಹೆಂಡತಿ ಕುಕ್ಕರ್, ಕುಚ್ಚಲಕ್ಕಿ, ಮಾವಿನ ಮಿಡಿ ಕಟ್ಟಿಕೊಂಡಳು. ಅವನ ಹೆಂಡತಿ ಅಕ್ಕಿರೊಟ್ಟಿಯನ್ನು ಸೂಟ್‌ಕೇಸಿನ ತುಂಬ ಪೇರಿಸಿದರು. ಮೂರೂವರೆ ಗಂಟೆಯ ವಿಮಾನಕ್ಕೆ ನಾವು ಹೊತ್ತ ಆಹಾರದಲ್ಲಿ ಸಣ್ಣದೊಂದು ಮುತ್ತಿಗೆಯನ್ನು ತಡೆದುಕೊಳ್ಳಬಹುದಿತ್ತು.

ಸಿಘ್ನಾಘಿ ಗುಡ್ಡದ ತುದಿಯಲ್ಲಿದೆ. ಸುತ್ತ ಹಳೆಯ ಕೋಟೆಗೋಡೆ, ಕೆಳಗೆ ಅಲಜಾನಿ ಕಣಿವೆಯ ದ್ರಾಕ್ಷಿ ತೋಟಗಳು, ಎದುರಿಗೆ ಬಿಳಿ ಪರ್ವತ. ಚಂದವೇ, ಅನುಮಾನವಿಲ್ಲ. ಆದರೆ ಅದಕ್ಕೆ 'ಪ್ರೀತಿಯ ಊರು' ಎಂದು ಹೆಸರಿಟ್ಟಿದ್ದಾರೆ. ಹಗಲು ರಾತ್ರಿ ಯಾವಾಗ ಬೇಕಾದರೂ ಮದುವೆ ನೋಂದಾಯಿಸುವ ಕಚೇರಿ ಇದೆ. ಮದುವೆಯಾಗಿ ಇಪ್ಪತ್ತು ವರ್ಷ ದಾಟಿದ ನಾವು ಎರಡು ಜೋಡಿಗಳು ಅದರ ಮುಂದೆ ನಿಂತು, ಕಲ್ಲುಹಾಸಿನ ರಸ್ತೆಯಲ್ಲಿ ಕಾಲು ಉಳುಕದಂತೆ ನೋಡಿಕೊಂಡು ಮುಂದೆ ಹೋದೆವು. ಅಂಗಡಿಗಳ ಮುಂದೆ ಕಂದು ಬಣ್ಣದ ಉದ್ದನೆಯ ಏನೋ ಸಾಲಾಗಿ ನೇತಾಡುತ್ತಿತ್ತು.

"ಇದು ಎಂತ ಅಣ್ಣ, ಮೇಣದ ಬತ್ತಿಯಾ?" ಎಂದರು ಸ್ನೇಹಿತನ ಹೆಂಡತಿ.

ಆಕ್ರೋಟನ್ನು ದಾರಕ್ಕೆ ಪೋಣಿಸಿ, ಕುದಿಸಿ ಗಟ್ಟಿಮಾಡಿದ ದ್ರಾಕ್ಷಿ ರಸದಲ್ಲಿ ಅದ್ದಿ ಒಣಗಿಸಿದ ಸಿಹಿ ಎಂದೆ. ಅವರು ಬಗ್ಗಿ ಒಮ್ಮೆ ಮೂಸಿ, "ಈ ಆಕ್ರೋಟು ಹಳತು, ಆ ಅಂಗಡಿಯದ್ದು ತಗೊಳ್ಳುವ" ಎಂದು ಎದುರಿನ ಅಂಗಡಿಗೆ ನಡೆದರು. ಸ್ನೇಹಿತ ಆಗ ಪರ್ವತ ನೋಡುತ್ತಿದ್ದ. ನಾನು ಕೂಡ ಅದನ್ನು ಗಮನಿಸಬೇಕಾದ ಸಂಗತಿ ಎಂದು ಎಣಿಸಲಿಲ್ಲ.

ಉಳಿದುಕೊಂಡದ್ದು ಒಂದು ಮನೆಯಲ್ಲಿ. ಮರದ ಕೆತ್ತನೆಯ ಬಾಲ್ಕನಿ, ಕೆಳಗೆ ವೈನಿನ ಕೋಣೆ. ಯಜಮಾನನಿಗೆ ಅರವತ್ತು ದಾಟಿತ್ತು, ಮೀಸೆ ಅವನಿಗಿಂತ ಮೊದಲು ಕೋಣೆಯೊಳಗೆ ಬರುತ್ತಿತ್ತು. ತಾನು ಮಾಡುವ ವೈನಿನ ಸೀಸೆಯ ಮೇಲೆ ಅದೇ ಮೀಸೆಯ ಚಿತ್ರ ಹಾಕಿಸಿದ್ದ. ಹರಕು ಇಂಗ್ಲಿಷಿನಲ್ಲಿ ನಿಲ್ಲದೆ ಮಾತಾಡುತ್ತಿದ್ದ, ಎಲ್ಲ ವಾಕ್ಯವೂ ಎಂಟು ಸಾವಿರ ವರ್ಷದಿಂದ ಶುರುವಾಗುತ್ತಿತ್ತು. ಅವನ ಹೆಂಡತಿ ಮಾತಾಡುತ್ತಲೇ ಇರಲಿಲ್ಲ. ಬ್ರೆಡ್ಡು, ಬೀನ್ಸು, ಚೀಸು ತಂದಿಟ್ಟು ಗೋಡೆಗೆ ಒರಗಿ ನಿಲ್ಲುತ್ತಿದ್ದಳು.

ಮೊದಲ ಮಧ್ಯಾಹ್ನವೇ ಯಜಮಾನ ನಮ್ಮನ್ನು ಕೆಳಗೆ ಕೂರಿಸಿ ಐದೈದು ಗ್ಲಾಸು ಇಟ್ಟ. ಎದ್ದು ನಿಂತು ಶಾಂತಿಗೆ, ಪೂರ್ವಜರಿಗೆ, ಅತಿಥಿಗಳಿಗೆ ಎಂದು ಭಾಷಣ ಮಾಡಿದ. ನಾನು ಕುಡಿದೆ. ಸ್ನೇಹಿತ ಗ್ಲಾಸನ್ನು ಮೂಗಿಗೆ ಹಿಡಿದು, ಕಣ್ಣು ಮುಚ್ಚಿ, ಹೊಟ್ಟೆಯವರೆಗೆ ಎಳೆದು, ಕೆಳಗಿಟ್ಟ. ಎರಡನೆಯದನ್ನೂ ಹಾಗೆಯೇ. ಮೂರನೆಯದಕ್ಕೆ ಬರುವಾಗ ಯಜಮಾನನ ಮೀಸೆ ಇಳಿದಿತ್ತು.

"ಕಾಯಿಲೆಯಾ?" ಎಂದು ನನ್ನನ್ನು ಕೇಳಿದ.

"ಅಲ್ಲ, ಧರ್ಮ."

"ಮತ್ತೆ ವೈನಿನೂರಿಗೆ ಯಾಕೆ ಬಂದ?"

ಹೆಂಗಸರು ಇದ್ದುದರಿಂದ ನಾನು ಪರ್ವತದ ಕಡೆ ಕೈ ತೋರಿಸಿದೆ. ಕೋಣೆಗೆ ಕಿಟಕಿ ಇರಲಿಲ್ಲ.

ಈ ನಡುವೆ ಸ್ನೇಹಿತ ಮೂಸಿ ಬದಿಗಿಟ್ಟ ಗ್ಲಾಸುಗಳನ್ನು ಅವನ ಹೆಂಡತಿ ಒಂದೊಂದಾಗಿ ಎತ್ತಿ, ಒಂದು ಮೊಳ ದೂರ ಹಿಡಿದು, ನನ್ನ ಹೆಂಡತಿಗೆ ವರದಿ ಕೊಡುತ್ತಿದ್ದರು.

"ಇದು ಒಣ ಜರ್ದಾಳು. ಇದು ಹಾಲು ಹಾಕದ ಚಾ, ಸ್ವಲ್ಪ ಹೆಚ್ಚು ಕುದಿಸಿದ್ದು. ಇದು ಕೇಳು, ಅಕ್ಕಿಮುಡಿ ಬಿಚ್ಚುವಾಗ ಹುಲ್ಲಿನ ವಾಸನೆ ಬರ್ತದಲ್ಲ, ಅದು. ಇದು ಮಳೆಗಾಲದ ಚಾಪೆ. ಯಾರಾದ್ರೂ ದುಡ್ಡು ಕೊಟ್ಟು ಕುಡೀತಾರಾ?"

"ಈ ನಮ್ಮವರು ಇದ್ದಾರಲ್ಲ" ಎಂದಳು ನನ್ನ ಹೆಂಡತಿ.

ಅಲ್ಲಿ ತೆಗೆದ ಫೋಟೋಗಳನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸುವ ಮೊದಲು ಗ್ಲಾಸು, ಸೀಸೆ, ಗುಡಾಣ ಕಾಣದಂತೆ ಕತ್ತರಿಸುವ ಹೊಣೆ ನನ್ನದಾಗಿತ್ತು. ಕೆಲಸ ಗೊತ್ತಿದ್ದವನು, ಶ್ರದ್ಧೆಯಿಂದ ಮಾಡಿದೆ. ನೀವೆಲ್ಲ ಯಾವಾಗಲೂ ಎಡಗಡೆಗೇ ಯಾಕೆ ನಿಲ್ಲುತ್ತೀರಿ ಎಂದು ಉಳ್ಳಾಲದಿಂದ ಅವನ ಮಾವ ಕೇಳಿದರು.

ಸಂಜೆ ಕೋಟೆಗೋಡೆಯ ಮೇಲೆ ಸ್ನೇಹಿತ ಹೇಳಿದ: "ಐದೂ ನೀರು ಮಾರಾಯ. ಬಣ್ಣದ ನೀರು."

"ನಾಳೆ ಗುಡಾಣ ತೆರೀತಾರಂತೆ."

"ನಾಳೆದ್ದೂ ನೀರಾದ್ರೆ ಸೋಮವಾರ ನಾನು ಅರ್ಬಾಬ್ ಹತ್ರ ಎಂತ ಹೇಳ್ಲಿ?"

ಡೆಸ್ಕಿನಲ್ಲಿ ಇಪ್ಪತ್ತು ವರ್ಷ ಕೂತವನಿಗೆ ಗೊತ್ತಿಲ್ಲ ಎನ್ನುವುದು ಕಷ್ಟವಲ್ಲ. ಅವನಿಗೆ ಹೇಳುವುದು ಕಷ್ಟವಾಯಿತು.

ಮರುದಿನ ಬೆಳಿಗ್ಗೆ ವೈನಿನ ಕೋಣೆಗೆ ಇಳಿದೆವು. ನೆಲದ ಮಟ್ಟಕ್ಕೆ ಎರಡು ಗುಡಾಣಗಳ ಬಾಯಿ, ಮೇಲೆ ಕಲ್ಲಿನ ಮುಚ್ಚಳ, ಸುತ್ತ ಹಸಿಮಣ್ಣು ಮೆತ್ತಿತ್ತು. ಶರತ್ಕಾಲದಲ್ಲಿ ದ್ರಾಕ್ಷಿಯನ್ನು ಸಿಪ್ಪೆ ಸಮೇತ ತುಂಬಿ ಮುಚ್ಚಿದರೆ ತೆರೆಯುವುದು ಈಗಲೇ. ನಡುವಿನ ತಿಂಗಳುಗಳಲ್ಲಿ ಒಳಗೆ ಏನಾಗಿದೆ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಯಜಮಾನ ಎಂಟು ಸಾವಿರ ವರ್ಷಗಳನ್ನು ಸ್ಮರಿಸಿ, ಒಂದು ಹಾಡನ್ನೂ ಹಾಡಿ, ಪಕ್ಕಕ್ಕೆ ಸರಿದ. ಅವನೇ ಮೂಸುತ್ತಾನೆ ಎಂದುಕೊಂಡಿದ್ದೆವು. ಅವನ ಹೆಂಡತಿ ಗೋಡೆ ಬಿಟ್ಟು ಬಂದಳು. ಮಂಡಿಯೂರಿ ಮೊದಲ ಮುಚ್ಚಳ ಸರಿಸಿ, ತಲೆ ತಗ್ಗಿಸಿ, ಒಂದೇ ಉಸಿರು ಎಳೆದು ತಲೆಯಾಡಿಸಿದಳು. ಯಜಮಾನ ಚಪ್ಪಾಳೆ ಹೊಡೆದ. ಸ್ನೇಹಿತನೂ ಮಂಡಿಯೂರಿದ. ಅವನ ಮುಖ ಗುಡಾಣದ ಬಾಯಲ್ಲಿ ಎಷ್ಟು ಹೊತ್ತು ಇತ್ತೆಂದರೆ ಹೊರಗೆಳೆಯಬೇಕೇ ಎಂದು ನಾನು ಯೋಚಿಸಿದೆ. ಎದ್ದಾಗ ನನ್ನ ಕಡೆ ನೋಡಲಿಲ್ಲ. ಅಷ್ಟಕ್ಕೇ ನನಗೆ ಗೊತ್ತಾಯಿತು, ಇದೂ ನೀರೇ.

ಎರಡನೆಯ ಮುಚ್ಚಳ ಸರಿಯಿತು. ಮನೆಯೊಡತಿ ಬಗ್ಗಿದಳು, ಎದ್ದಳು, ಮತ್ತೆ ಬಗ್ಗಿದಳು. ಆರು ಅಡಿ ದೂರದಲ್ಲಿ ನಿಂತಿದ್ದ ಸ್ನೇಹಿತನ ಹೆಂಡತಿ ತಲೆವಸ್ತ್ರದ ಸೆರಗನ್ನು ಮೂಗಿಗೆ ಒತ್ತಿಕೊಂಡರು.

"ಅಯ್ಯೋ, ಇದು ಹೋಗಿದೆ."

ಮನೆಯೊಡತಿಗೆ ಕನ್ನಡ ಬರುವುದಿಲ್ಲ. ಆದರೂ ತಿರುಗಿ ನೋಡಿ, ಕೈ ಬೀಸಿ ಕರೆದಳು. ಇಬ್ಬರೂ ಅಕ್ಕಪಕ್ಕ ಮಂಡಿಯೂರಿದರು.

"ವಿನೆಗರ್" ಎಂದರು ಸ್ನೇಹಿತನ ಹೆಂಡತಿ. "ಅದರ ಮೇಲೆ ನೇಲ್ ಪಾಲಿಶ್" ಎಂದು ಬೆರಳಿಗೆ ಬಣ್ಣ ಹಚ್ಚುವ ಹಾಗೆ ಮಾಡಿ ತೋರಿಸಿದರು. ಮನೆಯೊಡತಿ ಅವರ ಕೈಯನ್ನೇ ಹಿಡಿದುಕೊಂಡು, ಗಂಡನ ಕಡೆ ತಿರುಗಿ, ಆ ಎರಡು ದಿನದಲ್ಲಿ ನಾವು ಕೇಳಿದ ಅತಿ ಉದ್ದದ ವಾಕ್ಯ ಹೇಳಿದಳು. ನಾನೂ ಬಗ್ಗಿ ನೋಡಿದೆ. ನನಗೆ ವೈನಿನ ವಾಸನೆಯೇ ಬಂತು. ಬಾಟಲಿಗೆ ತುಂಬಿ ಕೊಟ್ಟಿದ್ದರೆ ಎರಡು ತರುತ್ತಿದ್ದೆ.

ಯಜಮಾನ ನಿಟ್ಟುಸಿರು ಬಿಟ್ಟ. ಆ ಗುಡಾಣದ್ದನ್ನು ಕಾಸಿ ಇಳಿಸಿ ಸಾರಾಯಿ ಮಾಡುವುದು ಎಂದ.

"ನಿಮಗೆ ಗೊತ್ತಾಗಲಿಲ್ಲವಾ?" ಸ್ನೇಹಿತ ಕೇಳಿದ.

"ನನಗಾ?" ಯಜಮಾನ ತನ್ನ ಮೂಗಿಗೆ ಬೆರಳಿನಿಂದ ಹೊಡೆದುಕೊಂಡ. "ಇದು ಸತ್ತು ಮೂವತ್ತು ವರ್ಷ. ಸಿಗರೇಟು. ನಾನು ಬೆಳೆಯುತ್ತೇನೆ, ತುಳಿಯುತ್ತೇನೆ, ಮಾತಾಡುತ್ತೇನೆ. ಮೂಸುವುದು ಅವಳು. ಈ ಊರಿಗೆಲ್ಲ ಗೊತ್ತು."

ನಾಚಿಕೆಯ ಲವಲೇಶವೂ ಇಲ್ಲದೆ, ತನ್ನ ಎತ್ತರ ಇಷ್ಟು ಎಂದು ಹೇಳುವವನ ಹಾಗೆ ಹೇಳಿದ.

ಸ್ನೇಹಿತ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ನಾವು ಮೂವರೂ ಹಿಂದೆಯೇ ಬಂದೆವು. ಅವನ ಹೆಂಡತಿ ಪಕ್ಕದಲ್ಲಿ ಕೂತರು.

"ಎಲ್ಲ ನೀರಾ?" ಎಂದರು.

ಅವನು ನನ್ನನ್ನು ನೋಡಿದ. ನಾನು ಹೇಳಲಿಲ್ಲ ಎಂದು ಕೈಯಾಡಿಸಿದೆ.

"ಅಣ್ಣನನ್ನು ನೋಡ್ಬೇಡಿ, ಅವರು ಹೇಳ್ಲಿಲ್ಲ. ನಿನ್ನೆ ಕೋಟೆ ಮೇಲೆ ನೀವು ಹೇಳಿದ್ದು ನನಗೂ ಕೇಳಿಸಿತ್ತು. ಐದು ತಿಂಗಳಿಂದ ಗೊತ್ತುಂಟು ನನಗೆ. ಬಂಗುಡೆ ಹಾಳಾಗಿತ್ತಲ್ಲ ಒಂದು ದಿನ, ನಾನು ಚೆಲ್ಲಬೇಕು ಅಂತ ಇಟ್ಟದ್ದು, ನೀವು ಎರಡು ಸಲ ಹಾಕಿಸಿಕೊಂಡ್ರಿ. ಚಂದ ಆಗಿದೆ ಅಂದ್ರಿ."

"ಗೊತ್ತಿದ್ದೂ ಸುಮ್ಮನೆ ಇದ್ದಿಯಾ?"

"ನೀವು ಹೇಳ್ತೀರಿ ಅಂತ ಕಾದೆ. ನೀವು ಬಚ್ಚಲಿಗೆ ಲವಂಗ ತಗೊಂಡು ಹೋಗ್ತಿದ್ರಿ. ಬಿರಿಯಾನಿಗೆ ಇಲ್ಲ, ನಿಮಗೆ ಉಂಟು. ಪೇಪರಿನವ್ರಿಗೆ ಹೇಳಿದ್ರಿ, ನನಗೆ ಹೇಳ್ಲಿಕ್ಕೆ ಎಂತ ಆಗಿತ್ತು?"

ನನ್ನ ಹೆಂಡತಿ ಆಶ್ಚರ್ಯ ತೋರಿಸಬೇಕಿತ್ತು, ತೋರಿಸಲಿಲ್ಲ. ಅವಳಿಗೂ ನಾಲ್ಕು ತಿಂಗಳಿಂದ ಗೊತ್ತಿತ್ತಂತೆ. ಹಿಮಪರ್ವತದ ಪ್ರವಾಸ ಎಂಬ ನಮ್ಮ ಕಟ್ಟುಕತೆಯನ್ನು ನಂಬಿದ್ದವರು ಒಟ್ಟಿನಲ್ಲಿ ಯಾರೂ ಇರಲಿಲ್ಲ. ಇಷ್ಟು ಕೆಟ್ಟದಾಗಿ ಕಾಪಾಡಿದ ಗುಟ್ಟನ್ನು ನಾನು ಸಚಿವಾಲಯಗಳಲ್ಲೂ ಕಂಡಿಲ್ಲ.

"ಸೋಮವಾರ ನಾನು ಬರ್ತೇನೆ" ಎಂದರು ಸ್ನೇಹಿತನ ಹೆಂಡತಿ.

"ಎಲ್ಲಿಗೆ?"

"ಅಂಗಡಿಗೆ. ನಾನು ಮೂಸ್ತೇನೆ, ನೀವು ಹೇಳಿ."

"ಇಪ್ಪತ್ತು ವರ್ಷ ಮಾಡಿದ ಕೆಲಸಕ್ಕೆ ಹೆಂಡತಿಯನ್ನು ಕರ್ಕೊಂಡು ಹೋಗ್ಲಾ? ದೇರಾ ಪೂರ್ತಿ ನಗ್ತದೆ."

"ಇವತ್ತು ಆ ಮೀಸೆಯವನಿಗೆ ಯಾರು ನಕ್ಕರು?"

ಅವನು ಎದ್ದು ಪರ್ವತದ ಕಡೆ ತಿರುಗಿ ನಿಂತ. ವಿಮಾನದಲ್ಲೂ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನನ್ನ ಹೆಂಡತಿ ಮಾವಿನ ಮಿಡಿಯ ಡಬ್ಬಿಯನ್ನು ಹಾಗೇ ಹೊತ್ತು ವಾಪಸು ತಂದಳು.

ಸೋಮವಾರ ನನಗೆ ವಾರದ ರಜೆ. ಬೆಳಿಗ್ಗೆ ಅವನ ಫೋನ್ ಬಂತು: "ಬಾ ಮಾರಾಯ. ಕೆಲಸ ಹೋದ್ರೆ ಸಾಕ್ಷಿಗೆ ಒಬ್ಬ ಬೇಕಲ್ಲ." ಹೋದಾಗ ಅಂಗಡಿಯ ಹಿಂದಿನ ಕೋಣೆಯಲ್ಲಿ ಅರ್ಬಾಬ್ ಕೂತಿದ್ದರು, ಮುಂದೆ ಐದು ಕುಪ್ಪಿ. ಸ್ನೇಹಿತ ನಿಂತಿದ್ದ, ಅವನ ಹಿಂದೆ ಹೆಂಡತಿ.

"ಯಲ್ಲಾ" ಎಂದರು ಅರ್ಬಾಬ್, ಶುರುಮಾಡು ಎನ್ನುವಂತೆ.

"ಅರ್ಬಾಬ್, ನನ್ನ ಮೂಗು ಖಲಾಸ್" ಎಂದ ಸ್ನೇಹಿತ.

ಅವರಿಬ್ಬರ ನಡುವೆ ನಡೆಯುವುದು ಹಿಂದಿ ಮತ್ತು ಅರಬ್ಬಿಯ ಒಂದು ಬೆರಕೆ. ಅದರಲ್ಲಿ ಸುತ್ತಿಬಳಸಿ ಹೇಳಲು ಬೇಕಾದಷ್ಟು ಮಾತುಗಳಿಲ್ಲ. ಅರ್ಬಾಬ್ ಕೈಯಲ್ಲಿದ್ದ ಜಪಮಣಿ ಎಣಿಸುವುದನ್ನು ನಿಲ್ಲಿಸಿದರು.

"ಎಷ್ಟು ದಿನ?"

"ಐದು ತಿಂಗಳು."

"ಐದು ತಿಂಗಳು ನನ್ನ ಗಿರಾಕಿಗಳಿಗೆ ಏನು ಕೊಟ್ಟೆ?"

"ನೆನಪು ಕೊಟ್ಟೆ, ಅರ್ಬಾಬ್. ಯಾರೂ ವಾಪಸು ತರಲಿಲ್ಲ. ಆದರೆ ಇದು ಹೊಸದು, ಇದರ ನೆನಪು ನನ್ನಲ್ಲಿಲ್ಲ. ಇವಳ ಮೂಗು ಉಂಟು. ಒಮ್ಮೆ ನೋಡಿ. ಆಗದಿದ್ದರೆ ನಾನೇ ಹೋಗುತ್ತೇನೆ."

ಅರ್ಬಾಬ್ ಅವನ ಹೆಂಡತಿಯನ್ನು ನೋಡಲಿಲ್ಲ, ಕುಪ್ಪಿಗಳನ್ನು ಅವರ ಕಡೆಗೆ ತಳ್ಳಿದರು. ಸ್ನೇಹಿತನ ಹೆಂಡತಿ ಮೊದಲನೆಯದರ ಬಿರಟೆ ತೆಗೆದು ಮುಖ ಹಿಂದಕ್ಕೆಳೆದುಕೊಂಡರು.

"ಹಟ್ಟಿ" ಎಂದರು ಕನ್ನಡದಲ್ಲಿ. "ದನದ ಹಟ್ಟಿ, ಬೆಳಿಗ್ಗೆ ಬಾಗಿಲು ತೆಗೆದ ಹಾಗೆ. ಥೂ. ಮತ್ತೆ ಸ್ವಲ್ಪ ತಡೆದು ಬೆಲ್ಲ."

ಕೆಲಸ ಹೋಯಿತು ಎಂದುಕೊಂಡೆ. ಸ್ನೇಹಿತನ ಮುಖ ಅರಳಿತು.

"ಅಸ್ಸಾಮಿನದು, ಅರ್ಬಾಬ್. ಹಳೆಯ ಮರ."

ಒಳ್ಳೆಯ ಅಸ್ಸಾಮ್ ಊದ್‌ಗೆ ಮೊದಲು ಬರುವುದು ದನದ ಕೊಟ್ಟಿಗೆಯ ವಾಸನೆಯಂತೆ. ಮೈಮೇಲೆ ಅದನ್ನು ಹಚ್ಚಿಕೊಳ್ಳಲು ಜನ ಏನು ಬೇಕಾದರೂ ಕೊಡುತ್ತಾರೆ. ಎರಡನೆಯದು ಹಣ್ಣಿನ ಅಂಗಡಿ, ಮುಚ್ಚುವ ಹೊತ್ತಿಗೆ. ಅವನು ಕಾಂಬೋಡಿಯಾ ಎಂದ. ಮೂರನೆಯದಕ್ಕೆ ಅವನ ಹೆಂಡತಿ ಬಹಳ ಹೊತ್ತು ತೆಗೆದುಕೊಂಡರು.

"ಮೊದಲು ಎಂತದೂ ಇಲ್ಲ. ಆಮೇಲೆ ಹೊಸ ಸ್ಕೂಲ್ ಬ್ಯಾಗ್. ಪ್ಲಾಸ್ಟಿಕ್."

"ಕಲಬೆರಕೆ" ಎಂದ ಸ್ನೇಹಿತ.

ಅರ್ಬಾಬ್ ಆ ಕುಪ್ಪಿಯನ್ನು ತಾವೇ ಎತ್ತಿ ಮೂಸಿದರು. ಮತ್ತೊಮ್ಮೆ ಮೂಸಿದರು. ಬಿರಟೆ ಹಾಕಿ, ಅದನ್ನು ಉಳಿದ ನಾಲ್ಕರಿಂದ ಬೇರೆಯಾಗಿ ಮೇಜಿನ ಅಂಚಿಗಿಟ್ಟರು. ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೆಲಸಕ್ಕೆ ಇರುವ ಹುಡುಗನಿಗೆ ಹೇಳುವ ಬದಲು ತಾವೇ ಎದ್ದು ಒಂದು ಕುರ್ಚಿ ಎಳೆದು ತಂದು ಸ್ನೇಹಿತನ ಹೆಂಡತಿಯ ಬಳಿ ಇಟ್ಟರು.

ಆಕೆ ಕೂತು ನಾಲ್ಕನೆಯದಕ್ಕೆ ಕೈ ಹಾಕಿ, ತಡೆದು, ಗಂಡನ ಕಡೆ ತಿರುಗಿದರು.

"ನೀವು ಹೊರಗೆ ನಿಲ್ಲಿ."

"ನಾನಾ?"

"ಬೆಳಿಗ್ಗೆ ಎಷ್ಟು ಅತ್ತರು ಸುರಿದುಕೊಂಡಿದ್ದೀರಿ ಗೊತ್ತುಂಟಾ? ನಿಮ್ಮ ಶರ್ಟು ಬಿಟ್ಟು ನನಗೆ ಬೇರೆ ಎಂತದೂ ಬರ್ತಾ ಇಲ್ಲ. ಅಣ್ಣನನ್ನೂ ಕರ್ಕೊಂಡು ಹೋಗಿ, ಅವರದ್ದು ಸಿಗರೇಟು."

ಅರ್ಬಾಬ್ ಕನ್ನಡ ತಿಳಿಯದಿದ್ದರೂ ನಕ್ಕರು. ನಾವಿಬ್ಬರೂ ಹೊರಗೆ ಬಂದು ಬಾಗಿಲ ಬಳಿ ಬಿಸಿಲಲ್ಲಿ ನಿಂತೆವು. ಸ್ನೇಹಿತ ಕಾಲರ್ ಎತ್ತಿ ಒಮ್ಮೆ ಮೂಸಿ ನೋಡಿದ, ಏನೂ ಸಿಗದೆ ಬಿಟ್ಟ. ಒಳಗಿನಿಂದ ಅವನ ಹೆಂಡತಿಯ ದನಿ ಬಂತು: "ಸುಟ್ಟ ತೆಂಗಿನ ಚಿಪ್ಪು. ಮತ್ತೆ ಏಲಕ್ಕಿ." ಅವನು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡು, ಬಾಗಿಲ ಸಂದಿನಿಂದ ಉತ್ತರ ಕೂಗಿದ.